ಕೈಗೊಪ್ಪಿದ ಬ್ಯಾಟು

ಗೆಳತಿ ಮಾರ್ವಾ ತಂದಿದ್ದ ಚೀಲದ ತುಂಬ ಬ್ಯಾಟುಗಳಿದ್ದವು. ಲಿನೆಟ್ ಒಂದೊಂದನ್ನೇ ಎತ್ತಿ ಗಾಳಿಯಲ್ಲಿ ಬೀಸಿ ಬೆಂಚಿನ ಮೇಲೆ ಎಸೆಯುತ್ತಿದ್ದಳು, ಹುಳುಕು ಬದನೆಕಾಯಿ ಆರಿಸಿ ಬಿಸಾಕುವವರ ಹಾಗೆ.

"ಇದು?" ಎಂದಳು ಮಾರ್ವಾ.

"ಹಗುರ. ನೊಣ ಹೊಡೆಯೋಕೆ ಇಟ್ಕೋ."

"ಇದನ್ನ ನೋಡು. ಒಳಗಡೆ ದಪ್ಪ ಇದೆ. ಎಷ್ಟೇ ಜೋರಾಗಿ ಬಂದ ಚೆಂಡೂ ಹಾಸಿಗೆ ಮೇಲೆ ಬಿದ್ದಂಗೆ ಬಿದ್ದು ನಿಂತುಬಿಡುತ್ತೆ. ಮೆತ್ತಗೆ ಆಡೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ. ನೀನು ಮೆತ್ತಗೆ ಆಡೋಳು ತಾನೇ?"

"ಆಡೋಳಾಗಿದ್ದೆ."

ಮಾರ್ವಾ ನೋಡುತ್ತಿದ್ದುದು ಲಿನೆಟ್‌ಳ ಬಲಗಣ್ಣನ್ನು. ಈಗ ಪಾರ್ಕಿನಲ್ಲಿ ಎಲ್ಲರೂ ಲಿನೆಟ್‌ಳ ಬಲಗಣ್ಣನ್ನಷ್ಟೇ ನೋಡಿ ಮಾತಾಡುವುದನ್ನು ಕಲಿತುಬಿಟ್ಟಿದ್ದರು. ಎಡಗಣ್ಣು ಇದ್ದ ಜಾಗದಲ್ಲೇ ಇತ್ತು, ರೆಪ್ಪೆಯೂ ಬಡಿಯುತ್ತಿತ್ತು. ಆದರೆ ಅದಕ್ಕೆ ಬೆಳಕು ಯಾವುದು ಕತ್ತಲೆ ಯಾವುದು ಎಂಬುದರ ಆಚೆ ಏನೂ ತಿಳಿಯುತ್ತಿರಲಿಲ್ಲ. ಫೀನಿಕ್ಸಿನ ವೈದ್ಯರು ಎರಡು ಸಲ ಕೊಯ್ದು, ಹೊಲಿದು, ಇನ್ನು ಇಷ್ಟೇ ಎಂದು ಕೈ ತೊಳೆದುಕೊಂಡಿದ್ದರು.

ಮೆಕ್ಸಿಕೊ ಗಡಿಗೆ ಹತ್ತಿರದ ಯೂಮಾ ಊರಾಚೆ, ಲೆಟಿಸ್ ಸೊಪ್ಪಿನ ಹೊಲಗಳ ಅಂಚಿಗೆ ಇರುವ ಆ ಪಾರ್ಕಿನಲ್ಲಿ ಐವತ್ತೈದು ದಾಟಿದವರಿಗೆ ಮಾತ್ರ ಮನೆ. ಗಾಲಿಯ ಮೇಲೆ ಬಂದು ಕೂತ ತಗಡಿನ ಮನೆಗಳು, ಮನೆಗೊಂದು ಗಾಲ್ಫ್ ಗಾಡಿ, ಮಧ್ಯದಲ್ಲಿ ಪಿಕಲ್‌ಬಾಲಿಗೆ ಐದು ಅಂಕಣ; ಟೆನಿಸ್ಸನ್ನು ಕುಗ್ಗಿಸಿ ಗಟ್ಟಿ ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುವ ಆಟ ಅದು. ಚರ್ಚಿಗೆ ಹೋಗದವರಿದ್ದರು, ಮಗಳ ಮನೆಗೆ ಫೋನು ಮಾಡದವರಿದ್ದರು, ಆದರೆ ಚಳಿಗಾಲದ ಬೆಳಿಗ್ಗೆ ಅಂಕಣಕ್ಕೆ ಬಾರದವರಿರಲಿಲ್ಲ. ಆಡಿದವರು ಆಟ ಮುಗಿಸಿ ಒಟ್ಟಿಗೆ ಪ್ಯಾನ್‌ಕೇಕ್ ತಿನ್ನಲು ಹೋಗುತ್ತಿದ್ದರು, ಒಬ್ಬರನ್ನೊಬ್ಬರು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು, ಸತ್ತರೆ ಮುಂದೆ ನಿಂತು ಬೂದಿ ಚೆಲ್ಲುತ್ತಿದ್ದರು. ಆಡುವುದು ಬಿಟ್ಟವರ ಮನೆಯ ಕಿಟಕಿಯಲ್ಲಿ ಹಗಲೆಲ್ಲ ಟಿವಿ ಮಿನುಗುತ್ತಿತ್ತು. ಅಲ್ಲಿಗೆ ಮುಗಿಯಿತು. ಅವರ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಐಡಹೊದಲ್ಲಿ ಶಾಲೆ ಬಸ್ಸು ಓಡಿಸಿ ಓಡಿಸಿ, ಗಂಡನನ್ನು ಬಿಟ್ಟು, ಒಂಟಿಯಾಗಿ ಇಲ್ಲಿಗೆ ಬಂದಿದ್ದ ಲಿನೆಟ್‌ಗೆ ಆ ಕಿಟಕಿಗಳನ್ನು ಕಂಡರೆ ಭಯವಾಗುತ್ತಿತ್ತು. ಇಡೀ ಚಳಿಗಾಲ ಅಂಥದೇ ಒಂದು ಕಿಟಕಿಯ ಹಿಂದೆ ಕೂತು ಇವತ್ತು ಎದ್ದು ಬಂದಿದ್ದಳು.

ಏಟು ಬಿದ್ದದ್ದು ನವೆಂಬರಿನಲ್ಲಿ. ಹೊಡೆದವನು ವೆಂಡೆಲ್. ನೆಬ್ರಾಸ್ಕಾದಲ್ಲಿ ಹಳೇ ಕಾರು ಮಾರಿ ದುಡ್ಡು ಮಾಡಿ ಬಂದವನು, ಅಂಕಣ ಸಮಿತಿಯ ಅಧ್ಯಕ್ಷ. ಪಾರ್ಕಿನ ಮಾಲೀಕರ ಬೆನ್ನು ಹತ್ತಿ ಈ ಐದು ಅಂಕಣ ಹಾಕಿಸಿದವನೇ ಅವನು. ಹಾಗಾಗಿ ಅವನಿಗೆ ಎದುರು ಮಾತಾಡುವುದೆಂದರೆ ಕೂತ ಕೊಂಬೆ ಕಡಿದುಕೊಂಡಂತೆ. ಅವತ್ತು ಲಿನೆಟ್ ನೆಟ್ಟಿನ ಹತ್ತಿರ ನಿಂತಿದ್ದಳು. ಎದುರಿನಿಂದ ವೆಂಡೆಲ್ ಬೀಸಿದ. ಚೆಂಡು ಬಂದದ್ದು ಕಾಣಲೇ ಇಲ್ಲ. ಸದ್ದು ಮಾತ್ರ ಕೇಳಿತು. ಒಳ್ಳೆಯ ಬ್ಯಾಟಿನದು 'ಟಕ್' ಎನ್ನುವ ಸದ್ದು. ವೆಂಡೆಲ್‌ನ ಬ್ಯಾಟಿನದು ಒಡೆದ ಡೋಲಿನಂತೆ 'ಡೊಪ್' ಎನ್ನುತ್ತಿತ್ತು.

ಅಂಥ ಸದ್ದಿಗೆ ಅರ್ಥವೇನು ಎಂಬುದು ಆಡುವವರಿಗೆಲ್ಲ ಗೊತ್ತು. ಬ್ಯಾಟಿನ ಒಳಗೆ ಜೇನುಗೂಡಿನಂಥ ಹೊಟ್ಟೆ ಇರುತ್ತದೆ. ಹೊಡೆದು ಹೊಡೆದು ಅದು ಪುಡಿಯಾದರೆ ಮೇಲಿನ ಪದರ ಬಿಟ್ಟುಕೊಂಡು ಜಿಗಿಯತೊಡಗುತ್ತದೆ, ಕವಣೆಯ ಹಾಗೆ. ಮೆಲ್ಲಗೆ ಮುಟ್ಟಿದರೂ ಚೆಂಡು ಗುಂಡಿನಂತೆ ಹಾರುತ್ತದೆ. ಹೊಟ್ಟೆ ಒಡೆದ ಬ್ಯಾಟನ್ನು ಕಸಕ್ಕೆ ಹಾಕಬೇಕು, ಅದೇ ನಿಯಮ. ವೆಂಡೆಲ್ ಹಾಕಿರಲಿಲ್ಲ. ಯಾರೂ ಹಾಕು ಎಂದಿರಲಿಲ್ಲ. ಲಿನೆಟ್ ಕಣ್ಣು ಹಿಡಿದುಕೊಂಡು ಕುಸಿದಾಗ ಅವನು ಬ್ಯಾಟನ್ನು ಎತ್ತಿ ತೋರಿಸಿದ್ದ. ಮೈಗೆ ಚೆಂಡು ಬಡಿದರೆ ಬ್ಯಾಟೆತ್ತಿ ತೋರಿಸುವುದು ಇಲ್ಲಿನ ಕ್ಷಮಾಪಣೆ. ಆಮೇಲೆ ಅವಳ ಮನೆಗೆ ಆಲೂಗಡ್ಡೆ ಬೇಯಿಸಿದ ಕ್ಯಾಸರೋಲು ಪಾತ್ರೆಗಳು ಬಂದವು, ಕಾರ್ಡುಗಳು ಬಂದವು. "ಆಟ ಅಂದ್ಮೇಲೆ ಆಗೋದೇ" ಎಂಬ ಮಾತು ಬಂತು. ಬ್ಯಾಟಿನ ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ.

ಲಿನೆಟ್‌ಗೆ ಬೇಕಾಗಿದ್ದುದು ಅದೊಂದೇ. ಕಣ್ಣು ಬರುವುದಿಲ್ಲ, ಗೊತ್ತು. ವೆಂಡೆಲ್ ಎಲ್ಲರೆದುರು ನಿಂತು 'ಬ್ಯಾಟು ಕೆಟ್ಟಿತ್ತು, ನನಗೆ ಗೊತ್ತಿತ್ತು' ಎನ್ನಬೇಕು. ಅನ್ನಿಸದೆ ಬಿಡುವುದಿಲ್ಲ ಎಂದೇ ಬೆಳಿಗ್ಗೆ ಬೂಟಿನ ದಾರ ಬಿಗಿದು ಬಂದಿದ್ದಳು. ಆದರೆ ಅಂಕಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದದ್ದು ಆ ಮಾತಿಗೋ ಆಟಕ್ಕೋ ಅವಳಿಗೇ ಗೋಜಲಾಯಿತು.

"ಸರಿ, ದಪ್ಪಂದೇ ಕೊಡು" ಎಂದಳು.

ರಕ್ಷಣೆಯ ಕನ್ನಡಕ ಏರಿಸಿಕೊಂಡು ಇಳಿದಳು. ಮೊದಲಿನ ಅವಳ ಆಟವೆಲ್ಲ ನೆಟ್ಟಿನ ಬಳಿಯದು. ನೆಟ್ಟಿಗೆ ಅಂಟಿದ ಏಳಡಿ ಪಟ್ಟಿಗೆ ಇಲ್ಲಿಯವರು ಅಡುಗೆಮನೆ ಅನ್ನುತ್ತಾರೆ. ಅದರ ಗೆರೆಯ ಮೇಲೆ ನಿಂತು, ಎದುರಾಳಿಯ ಅಡುಗೆಮನೆಗೆ ಚೆಂಡನ್ನು ಮೆಲ್ಲಗೆ, ತೊಟ್ಟಿಲಿಗೆ ಕೂಸನ್ನು ಇಳಿಸಿದಂತೆ ಇಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಅದೇ ಗೆರೆಯ ಮೇಲೆ ನಿಂತಳು. ಚೆಂಡು ಬಂತು. ಎರಡು ಅಡಿ ದೂರದಲ್ಲಿದೆ ಎಂದುಕೊಂಡದ್ದು ಎದೆಗೇ ಬಂದಿತ್ತು. ಇನ್ನೊಂದು ಬಂತು. ಬ್ಯಾಟು ಬೀಸಿದಳು, ಗಾಳಿ ಹೊಡೆದಳು. ಮತ್ತೊಂದು ಅಂಚಿಗೆ ತಗುಲಿ ಆಕಾಶಕ್ಕೆ ಹಾರಿತು. ಒಂಟಿ ಕಣ್ಣಿಗೆ ಹತ್ತಿರ ದೂರದ ಲೆಕ್ಕವೇ ಸಿಗುತ್ತಿರಲಿಲ್ಲ.

"ಪರವಾಗಿಲ್ಲ ಲಿನೆಟ್! ಒಳ್ಳೇ ಪ್ರಯತ್ನ!" ಎಂದು ಎದುರಿನವರು ಕೂಗಿದರು. ಆ ಸಿಹಿ ದನಿ ಅವಳಿಗೆ ಉಗಿದ ಹಾಗೆ ಕೇಳಿಸಿತು.

ಎರಡು ಆಟ ಸೋತ ಮೇಲೆ ಮಾರ್ವಾ ಅವಳ ತೋಳು ಹಿಡಿದುಕೊಂಡಳು. "ಸ್ವಲ್ಪ ದಿನ ಐದನೇ ಅಂಕಣದಲ್ಲಿ ಆಡು. ಕೈ ಕುದುರಲಿ."

"ನರ್ಸರಿಗೆ ಕಳಿಸ್ತಿದ್ದೀಯಾ ನನ್ನ?"

"ಹಂಗಲ್ವೇ..."

"ಹಂಗೇ ಕಣೇ. ಬೇರೆ ಇನ್ನು ಹೆಂಗೆ?"

ಹೋದಳು. ಐದನೆಯದು ಹೊಸಬರ ಅಂಕಣ. ಬೇಲಿಯ ಬಾಗಿಲು ತೆರೆಯುವಾಗಲೇ ಅವಳ ಕಾಲು ನಿಂತುಬಿಟ್ಟಿತು.

ಡೊಪ್.

ಕಣ್ಣು ಹೋದ ಮೇಲೆ ಅವಳ ಕಿವಿ ನಾಯಿಯ ಕಿವಿಯಂತಾಗಿತ್ತು. ಮತ್ತೊಮ್ಮೆ, ಡೊಪ್. ಹೊಡೆಯುತ್ತಿದ್ದವನು ಆರ್ವಿಲ್, ಕ್ರಿಸ್ಮಸ್ ಕಳೆದ ಮೇಲೆ ಅಯೋವಾದಿಂದ ಬಂದ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಮನೆ ಮಾರಿ ಬಂದವನು, ಸಿಕ್ಕಿದವರಿಗೆಲ್ಲ ಟೋಪಿ ಮುಟ್ಟಿ ನಮಸ್ಕಾರ ಹೇಳುವವನು. ಅವನ ಕೈಯಲ್ಲಿ ಕೆಂಪು ಅಂಚಿನ, ಉದ್ದ ಹಿಡಿಯ ಬ್ಯಾಟು. ಲಿನೆಟ್ ಎರಡೂ ಕಣ್ಣಲ್ಲಿ ಕೊನೆಯದಾಗಿ ಕಂಡದ್ದು ಆ ಕೆಂಪು ಅಂಚನ್ನೇ.

"ಆರ್ವಿಲ್, ಆ ಬ್ಯಾಟು ಎಲ್ಲಿಂದ ಬಂತು?"

"ಇದಾ ಮೇಡಂ? ವೆಂಡೆಲ್ ಕೊಟ್ಟ." ಮುದುಕನ ಮುಖ ಅರಳಿತು. "ಎಂಥ ದೊಡ್ಡ ಮನಸ್ಸು ನೋಡಿ. ಇಂಥ ದುಬಾರಿ ಸಾಮಾನನ್ನ ಹೊಸಬನಿಗೆ ಸುಮ್ಮನೆ ಕೊಟ್ಬಿಟ್ಟ. ನನ್ನ ಕೈಗೆ ನಿಲ್ಲಲ್ಲ ಇದು. ತಾಕಿಸಿದ್ರೆ ಸಾಕು, ಚೆಂಡು ಮೆಕ್ಸಿಕೊಗೆ ಹೋಗ್ಬಿಡುತ್ತೆ!"

ಉಳಿದವರು ನಕ್ಕರು. ಲಿನೆಟ್ ನಗಲಿಲ್ಲ. ಕಸದ ತೊಟ್ಟಿಗೆ ಹಾಕಲು ವೆಂಡೆಲ್‌ಗೆ ಮನಸ್ಸಾಗಲಿಲ್ಲ. ಹಾಕಿದರೆ ತಪ್ಪು ಒಪ್ಪಿಕೊಂಡಂತೆ. ಇಟ್ಟುಕೊಳ್ಳಲು ಧೈರ್ಯವಾಗಲಿಲ್ಲ. ದಾನ ಮಾಡಿ ಪುಣ್ಯ ಕಟ್ಟಿಕೊಂಡಿದ್ದಾನೆ, ಕಳ್ಳ.

"ಒಂದು ಸಲ ಆಡಿ ನೋಡ್ಲಾ?" ಎಂದು ಕೈ ಚಾಚಿದಳು. ಯಾರ ಬ್ಯಾಟನ್ನು ಯಾರು ಕೇಳಿದರೂ ಇಲ್ಲವೆನ್ನಬಾರದು ಎಂಬುದು ಅಂಕಣದ ರೀತಿ. ಆರ್ವಿಲ್ ಹಿಡಿ ಒರೆಸಿ ಕೊಟ್ಟ.

ಹೆಬ್ಬೆರಳಿನಿಂದ ಬ್ಯಾಟಿನ ನಡು ಒತ್ತಿದಳು. ಒಣ ಸಿಪ್ಪೆ ತುಳಿದಂತೆ ಕರಕರ ಎಂದಿತು. ಅನುಮಾನವೇ ಉಳಿಯಲಿಲ್ಲ. ಇದನ್ನು ಹಿಡಿದುಕೊಂಡು ನೆಟ್ಟಗೆ ವೆಂಡೆಲ್‌ನ ಮುಂದೆ ಹೋಗಬೇಕಿತ್ತು. ಹೋಗುವ ಮೊದಲು ಒಂದೇ ಒಂದು ಚೆಂಡು ಹೊಡೆದು ನೋಡೋಣವೆನ್ನಿಸಿತು. ಅದೇ ತಪ್ಪಾದದ್ದು.

ಅಂಕಣದ ಹಿಂದಿನ ಗೆರೆಯಲ್ಲಿ ನಿಂತಳು. ದೂರದಿಂದ ಬರುವ ಚೆಂಡು ನೆಲಕ್ಕೆ ಬಿದ್ದು ಪುಟಿಯುವಷ್ಟರಲ್ಲಿ ಒಂದೇ ಕಣ್ಣಿಗೂ ಲೆಕ್ಕ ಹಾಕಲು ಪುರಸೊತ್ತು ಸಿಕ್ಕಿತು. ಉದ್ದ ಹಿಡಿಯಾದ್ದರಿಂದ ಎಟುಕಿತು. ನಡುವಿಗೆ ತಾಗದೆ ಓರೆಯಾಗಿ ತಾಗಿತು. ಬೇರೆ ಬ್ಯಾಟಾಗಿದ್ದರೆ ನೆಟ್ಟಿಗೆ ಬಿದ್ದು ಸಾಯುತ್ತಿದ್ದ ಹೊಡೆತ ಅದು. ಇದು ಚೆಂಡನ್ನು ಎಳೆದು ಉಗುಳಿತು. ಚೆಂಡು ಎದುರಿನವರಿಬ್ಬರ ನಡುವೆ ನುಗ್ಗಿ ಗೆರೆಯ ಮೇಲೆ ಬಿತ್ತು. ಅವರಿಗೆ ಬ್ಯಾಟೆತ್ತಲೂ ಆಗಲಿಲ್ಲ.

"ಅಯ್ಯೋ ದೇವ್ರೇ!" ಎಂದ ಆರ್ವಿಲ್, ಸಂತೋಷಕ್ಕೆ.

ಮತ್ತೆ ಹೊಡೆದಳು. ಮತ್ತೆ. ಇಷ್ಟು ದಿನ ಮೆತ್ತಗಿದ್ದ ಹೆಂಗಸು ಹಿಂದೆ ನಿಂತು ಗುಂಡು ಹಾರಿಸತೊಡಗಿದಳು. ಅವಳ ಈಗಿನ ಆಟಕ್ಕೆ, ಈಗಿನ ಕಣ್ಣಿಗೆ, ಬೇಕಾದದ್ದೆಲ್ಲ ಇದರಲ್ಲಿತ್ತು. ಮಾರ್ವಾಳ ಚೀಲವನ್ನು ಹತ್ತು ಸಲ ಸುರುವಿದರೂ ಇಂಥದು ಸಿಗುತ್ತಿರಲಿಲ್ಲ. ಒಂದು ಹೊಡೆತ ಎದುರಿನ ಹೆಂಗಸಿನ ಮೊಳಕೈಗೆ ಬಡಿಯಿತು. ಆಕೆ ಚೀರಿದಳು. ಕೈ ಮೇಲೆ ಚೆಂಡಿನಷ್ಟೇ ಅಗಲದ ಕೆಂಪು ಬಳೆ ಎದ್ದಿತು. ಲಿನೆಟ್ ಬ್ಯಾಟೆತ್ತಿ ತೋರಿಸಿದಳು. ಮನಸ್ಸಿನಲ್ಲಿ ಅಯ್ಯೋ ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅಂಕ ಬಂತು ಎಂದಷ್ಟೇ ಅನ್ನಿಸಿತು.

ಗೆದ್ದವರು ಮೇಲಿನ ಅಂಕಣಕ್ಕೆ ಹೋಗಬೇಕು. ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಹೋದಳು. ಆರ್ವಿಲ್ ಹಿಂದೆಯೇ ಬಂದು ಬೇಲಿ ಹಿಡಿದು ನಿಂತಿದ್ದ. "ಇಟ್ಕೊಳ್ಳಿ ಮೇಡಂ, ನೀವೇ ಇಟ್ಕೊಳ್ಳಿ. ನನಗೆ ನೀವು ತಂದ ಆ ದಪ್ಪ ಬ್ಯಾಟೇ ಸರಿ. ಇದು ನಿಮಗೇ ಹುಟ್ಟಿದ್ದು" ಎಂದ. ಬೆಂಚುಗಳ ಕಡೆಯಿಂದ ಚಪ್ಪಾಳೆ ಬಂತು. ಯಾರೋ ಅವಳ ಬೆನ್ನು ತಟ್ಟಿದರು. ಆಟ ಮುಗಿದ ಮೇಲೆ ಪ್ಯಾನ್‌ಕೇಕಿಗೆ ಬರುತ್ತೀಯಲ್ಲ ಎಂದು ಇನ್ಯಾರೋ ಕೇಳಿದರು. ಟಿವಿ ಮಿನುಗುವ ಕಿಟಕಿ ಬಹಳ ದೂರ ಹೋಗಿಬಿಟ್ಟಿತು.

ಆ ಸದ್ದನ್ನು ಎಲ್ಲರೂ ಕೇಳುತ್ತಿದ್ದರು. ಹಿಂದೆ ಕೇಳಿದ ಹಾಗೆಯೇ ಕೇಳುತ್ತಿದ್ದರು.

ವೆಂಡೆಲ್ ಒಂದನೇ ಅಂಕಣದಿಂದ ಇಳಿದು ಬಂದ. ಮೂರು ತಿಂಗಳಲ್ಲಿ ಒಮ್ಮೆಯೂ ಅವಳ ಮುಂದೆ ನಿಲ್ಲದ ಗಂಡಸು ಈಗ ಹಲ್ಲು ಕಿಸಿದು ನಿಂತ. ಅವನ ಹೆಗಲು ಹಗುರವಾಗಿತ್ತು.

"ನೋಡು, ನಮ್ಮ ಹುಡುಗಿ ವಾಪಸ್ ಬಂದ್ಲು!" ಎಂದು ತನ್ನ ಬ್ಯಾಟನ್ನು ಅವಳ ಬ್ಯಾಟಿಗೆ ತಾಗಿಸಲು ಚಾಚಿದ. "ಹೇಳಿ ಮಾಡಿಸಿದಂಗಿದೆ ನಿನಗೆ ಅದು."

ಲಿನೆಟ್ ತಾಗಿಸಲಿಲ್ಲ. ಆಗ ಅವಳಿಗೆ ಹೊಳೆಯಿತು. ತಾನು ಇದನ್ನು ಹಿಡಿದು ಆಡಿದಷ್ಟೂ ಹೊತ್ತು ಇವನ ಪಾಪ ತೊಳೆದುಹೋಗುತ್ತಿದೆ. ಕಣ್ಣು ಕಳೆದುಕೊಂಡವಳೇ ಈ ಬ್ಯಾಟು ಒಳ್ಳೆಯದು ಎಂದು ಆರಿಸಿಕೊಂಡ ಮೇಲೆ ಇನ್ನು ಕೇಳುವವರು ಯಾರು?

"ಇದರ ಹೊಟ್ಟೆ ಒಡೆದಿದೆ, ವೆಂಡೆಲ್."

"ಹೌದಾ? ನನಗೇನೂ ಅನ್ನಿಸ್ಲಿಲ್ಲಪ್ಪ."

"ನಿನಗೆ ಗೊತ್ತಿತ್ತು. ಹೇಳು. ಇವರೆಲ್ಲರ ಮುಂದೆ ಹೇಳು."

ಬೆಂಚಿನವರು ನೀರಿನ ಬಾಟಲಿ ನೋಡಿಕೊಂಡರು, ಬೂಟಿನ ದಾರ ನೋಡಿಕೊಂಡರು. ಮಾರ್ವಾ ಚೀಲದ ಜಿಪ್ಪು ಎಳೆದಳು, ಮತ್ತೆ ಹಾಕಿದಳು. ವೆಂಡೆಲ್‌ನ ನಗು ಮಾಯವಾಗಲಿಲ್ಲ, ಸಣ್ಣದಾಯಿತು ಅಷ್ಟೇ.

"ಹೋದ ಚಳಿಗಾಲ ನನ್ನ ಜೊತೆಗಾತಿ ಯಾರು? ನೀನೇ. ಪಕ್ಕದಲ್ಲೇ ನಿಂತಿದ್ದೆ, ಅಲ್ವಾ? ಸದ್ದು ನಿನ್ನ ಕಿವಿಗೆ ಬೀಳ್ಲಿಲ್ವಾ? ಪಂದ್ಯ ಗೆದ್ದು ಪದಕ ಕೊರಳಿಗೆ ಬಿದ್ದಾಗ ಸುಮ್ಮನಿದ್ದೆಯಲ್ಲ."

ಈ ಏಟು ಕಣ್ಣಿಗೆ ಬಿದ್ದದ್ದಕ್ಕಿಂತ ಆಳಕ್ಕೆ ಹೋಯಿತು. ಬಿದ್ದಿತ್ತು, ಕಿವಿಗೆ ಬಿದ್ದಿತ್ತು. ನಮ್ಮ ಕಡೆಯ ಬ್ಯಾಟು ತಾನೇ ಎಂದುಕೊಂಡಿದ್ದಳು. ವೆಂಡೆಲ್ ಗೆದ್ದವನ ಹಾಗೆ ಸುತ್ತ ನೋಡಿ, "ಬನ್ರಪ್ಪ, ಸರತಿ ಯಾರದು?" ಎಂದ.

ಮೇಲಕ್ಕೆ ಹತ್ತುವ ಸುತ್ತು ಮುಗಿದ ಮೇಲೆ ಸರತಿಯ ಆಟ. ಬೇಲಿಗೆ ಕಟ್ಟಿದ ಮರದ ಗೂಡಿನಲ್ಲಿ ಬ್ಯಾಟುಗಳು ಸಾಲಾಗಿ ನಿಂತಿರುತ್ತವೆ. ಬಂದವರು ತಮ್ಮದನ್ನು ಕೊನೆಗೆ ಸಿಕ್ಕಿಸುತ್ತಾರೆ, ಮುಂದಿನ ನಾಲ್ಕು ಬ್ಯಾಟುಗಳ ಒಡೆಯರು ಆಡಲು ಇಳಿಯುತ್ತಾರೆ. ಅಲ್ಲಿ ಅಧ್ಯಕ್ಷನೂ ಇಲ್ಲ, ಹೊಸಬನೂ ಇಲ್ಲ. ಆ ಹೊತ್ತಿಗೆ ಗೂಡಿನ ಮುಂದಿದ್ದುದು ಮಾರ್ವಾ, ಆರ್ವಿಲ್, ಈಗಷ್ಟೇ ತನ್ನದನ್ನು ಸಿಕ್ಕಿಸಿದ ವೆಂಡೆಲ್, ಈ ಮೂವರ ಬ್ಯಾಟು. ನಾಲ್ಕನೆಯ ಕಂಡಿ ಖಾಲಿಯಿತ್ತು. ಅದು ಲಿನೆಟ್‌ಳದು.

"ಬಿಡೇ" ಎಂದಳು ಮಾರ್ವಾ ಮೆಲ್ಲಗೆ, ದಪ್ಪ ಬ್ಯಾಟು ಈಗ ಆರ್ವಿಲ್‌ನ ಪಾಲಾಗಿರುವುದನ್ನು ನೋಡಿ. "ಚೀಲದಲ್ಲಿ ಇನ್ನೊಂದಿದೆ. ಅದನ್ನ ತಗೋ."

"ಬೇಡ. ಇದೇ ನನಗೆ ಒಗ್ಗಿದ್ದು" ಎಂದಳು ಲಿನೆಟ್. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ವೆಂಡೆಲ್ ಹೇಳಲಾರ. ಈ ಬೆಂಚುಗಳು ಹೇಳಲಾರವು. ಹಾಗಿದ್ದರೆ ಅವನ ಮುಖವೇ ಹೇಳಲಿ. ಅವನೂ ಬರುವ ಚೆಂಡನ್ನು ಕಾಣದೆ ಸದ್ದನ್ನಷ್ಟೇ ಕೇಳಲಿ.

ಲಿನೆಟ್ ಮತ್ತು ಮಾರ್ವಾ ಒಂದು ಕಡೆ, ವೆಂಡೆಲ್ ಮತ್ತು ಆರ್ವಿಲ್ ಇನ್ನೊಂದು ಕಡೆ. ಮೊದಲ ಚೆಂಡು ಲಿನೆಟ್‌ಳದೇ. ಅದನ್ನು ಎದುರಿಸಬೇಕಾದವನು ವೆಂಡೆಲ್, ಆಚೆಯ ಹಿಂದಿನ ಗೆರೆಯಲ್ಲಿ. ಅವನ ಜೊತೆಗಾರ ಆರ್ವಿಲ್ ನೆಟ್ಟಿನ ಬಳಿ, ಅಡುಗೆಮನೆಯ ಗೆರೆಯಲ್ಲಿ, ಮೊಣಕಾಲು ಬಾಗಿಸಿ ಕಾಯುತ್ತಿದ್ದ. ಟೋಪಿಯ ಕೆಳಗೆ ಸುಕ್ಕುಗಟ್ಟಿದ ಬರಿಮುಖ. ಲಿನೆಟ್ ಚೆಂಡನ್ನು ಎಡಗೈಯಲ್ಲಿ ಹಿಡಿದು ಅಂಕ ಕೂಗಲು ಬಾಯಿ ತೆರೆದಳು.

"ಸೊನ್ನೆ, ಸೊನ್ನೆ..."

"ಒಂದ್ನಿಮಿಷ" ಎಂದ ವೆಂಡೆಲ್.

ಬೇಲಿಯ ಬುಡದಲ್ಲಿದ್ದ ತನ್ನ ಚೀಲಕ್ಕೆ ಹೋದ. ಬಗ್ಗಿ ಏನೋ ಹುಡುಕಿದ. ತಿರುಗಿದಾಗ ಅವನ ಕಣ್ಣಿನ ಮೇಲೆ ರಕ್ಷಣೆಯ ಕನ್ನಡಕವಿತ್ತು. ಹೊಚ್ಚ ಹೊಸದು, ಅಂಗಡಿಯ ಚೀಟಿಯ ದಾರ ಇನ್ನೂ ಕಿವಿಯ ಹತ್ತಿರ ತೂಗಾಡುತ್ತಿತ್ತು. ಬಂದು ತನ್ನ ಗೆರೆಯಲ್ಲಿ ನಿಂತ. "ಹ್ಞೂಂ, ಹಾಕು."

ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಮಾರ್ವಾ ನೋಡಿದಳು. ಇಷ್ಟು ವರ್ಷ ಬರಿಗಣ್ಣಲ್ಲಿ ಆಡಿದ ಮನುಷ್ಯ, ಬ್ಯಾಟು ಕೆಟ್ಟಿದ್ದು ಗೊತ್ತೇ ಇರಲಿಲ್ಲ ಎಂದ ಮನುಷ್ಯ, ಆ ಬ್ಯಾಟು ತನ್ನ ಕಡೆ ಮುಖ ಮಾಡಿದ ಕೂಡಲೇ ಕಣ್ಣಿಗೆ ಕಾಪು ಹಾಕಿಕೊಂಡಿದ್ದ. ಲಿನೆಟ್‌ಗೆ ಬೇಕಾಗಿದ್ದ ಮಾತು ಬಾಯಿಲ್ಲದೆ ಬಂದಿತ್ತು. ಆದರೆ ಅವಳ ಒಂಟಿ ಕಣ್ಣು ಅವನ ಮೇಲೆ ನಿಲ್ಲದೆ ನೆಟ್ಟಿನ ಬಳಿಗೆ ಜಾರಿತು. ಮುದುಕ ಇನ್ನೂ ಬಾಗಿ ನಿಂತೇ ಇದ್ದ, ನಗುತ್ತ. ತನ್ನ ಕಣ್ಣು ಉಳಿಸಿಕೊಳ್ಳುವಷ್ಟು ಗೊತ್ತಿದ್ದ ವೆಂಡೆಲ್ ಮುಂದೆ ನಿಂತ ಜೊತೆಗಾರನಿಗೆ ಪಕ್ಕಕ್ಕೆ ಸರಿ ಎಂದೂ ಹೇಳಿರಲಿಲ್ಲ. ವಾರಗಟ್ಟಲೆ ಇದೇ ಬ್ಯಾಟನ್ನು ಅವನ ಕೈಗೆ ಕೊಟ್ಟು ಹೊಸಬರ ನಡುವೆ ಬಿಟ್ಟಿದ್ದ. ತಾನೂ ಈಗ ಅದನ್ನೇ ಎತ್ತಿ ನಿಂತಿದ್ದೇನೆ. ಚೆಂಡು ಹಿಂದೆ ನಿಂತ ವೆಂಡೆಲ್‌ಗೆ ಮುಟ್ಟಬೇಕಾದರೆ ಈ ಮುಖವನ್ನು ದಾಟಿಕೊಂಡೇ ಹೋಗಬೇಕು. ದಾಟಿಸುವ ಲೆಕ್ಕ ತನ್ನ ಕಣ್ಣಿಗೆ ಇದೆಯೇ?

ಇರಲಿಲ್ಲ.

ಚೆಂಡು ಕೆಳಗೆ ಬಿಟ್ಟಳು. ಬ್ಯಾಟನ್ನು ನೆಲಕ್ಕೆ ಹಾಕಿ, ಅಗಲದ ಮೇಲೆ ಎರಡೂ ಕಾಲಿಟ್ಟು, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಜಗ್ಗಿದಳು. ಒಂದು ಸಲಕ್ಕೆ ಮುರಿಯಲಿಲ್ಲ. ಹಲ್ಲು ಕಚ್ಚಿ, ಹಸುವಿನಂತೆ ಮುಲುಕಿ, ಮತ್ತೆ ಜಗ್ಗಿದಳು. ಬ್ಯಾಟಿನ ಕುತ್ತಿಗೆ ಲಟಕ್ಕೆಂದಿತು. ಸೀಳಿನಿಂದ ಪುಡಿಯಾದ ಹೊಟ್ಟೆ ಬಿಳಿ ತೌಡಿನಂತೆ ಹಸಿರು ನೆಲದ ಮೇಲೆ ಸುರಿಯಿತು. ಅಂಗೈ ಕೊಯ್ದು ರಕ್ತ ಬಂತು.

"ಅಯ್ಯೋ, ಯಾಕೆ ಮೇಡಂ?" ಎಂದ ಆರ್ವಿಲ್. "ಒಳ್ಳೇ ಬ್ಯಾಟು ಕಣ್ರೀ!"

"ತಲೆ ಕೆಟ್ಟಿದೆ ಇವಳಿಗೆ" ಎಂದ ವೆಂಡೆಲ್, ಎಲ್ಲರಿಗೂ ಕೇಳುವ ಹಾಗೆ. "ಕಣ್ಣು ಹೋದ್ಮೇಲೆ ಹಿಂಗಾಗಿದಾಳೆ, ಪಾಪ. ಸಾಮಾನು ಮುರಿದೋರನ್ನ ಅಂಕಣಕ್ಕೆ ಬಿಡೋ ಹಂಗಿಲ್ಲ. ನಿಯಮ ನಿಯಮಾನೇ."

ಲಿನೆಟ್ ಬೆಂಚುಗಳ ಕಡೆ ತಿರುಗಿದಳು. "ನೋಡಿದ್ರಲ್ಲ" ಎಂದಳು. "ಎಲ್ಲರೂ ನೋಡಿದ್ರಿ. ಕನ್ನಡಕ ನೋಡಿದ್ರಿ, ಈ ಪುಡಿ ನೋಡಿದ್ರಿ. ಒಬ್ಬರಾದ್ರೂ ಬಾಯಿ ಬಿಡ್ರೋ!"

ಮಾರ್ವಾ ಒಬ್ಬಳೇ ಎರಡು ಹೆಜ್ಜೆ ಮುಂದೆ ಬಂದಳು. ಮಾತಿಗಲ್ಲ, ಕೈಗೆ ಸುತ್ತಿಕೊಳ್ಳಲೆಂದು ಬೆವರೊರೆಸುವ ಬಟ್ಟೆ ಕೊಡಲು. ಲಿನೆಟ್ ಅದನ್ನು ಮುಟ್ಟದೆ ಬಾಗಿಲ ಕಡೆ ನಡೆದಳು. ಎಡಗಡೆಯ ಕಂಬ ಕಾಣದೆ ಭುಜಕ್ಕೆ ಬಡಿಯಿತು. ಹಿಂದೆ ಗೂಡಿನಿಂದ ಮುಂದಿನ ಬ್ಯಾಟನ್ನು ಎಳೆದ ಸದ್ದಾಯಿತು. ಅವಳ ಜಾಗಕ್ಕೆ ಯಾರೋ ಇಳಿದರು. ಯಾರೋ ಪೊರಕೆ ಕೇಳಿದರು.

ಬಾಗಿಲಾಚೆಯಿಂದ ತಿರುಗಿ ನೋಡಿದಾಗ ವೆಂಡೆಲ್ ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಆರ್ವಿಲ್ ಅದನ್ನು ನೋಡುತ್ತ ನಿಂತಿದ್ದ. ಅವನ ಕೈ ತಾನಾಗಿ ಮೇಲೆ ಹೋಗಿ ತನ್ನ ರೆಪ್ಪೆಯನ್ನು ಮುಟ್ಟಿತು. "ಈಗ್ಯಾಕೆ ತೆಗೆದೆ, ವೆಂಡೆಲ್?" ಎಂದ.

"ಬಿಸಿಲಿಗೆ ಅಂತ ಹಾಕಿದ್ದೆ. ಬೇಡ ಅನ್ನಿಸ್ತು."

ಗಾಜು ಬಣ್ಣವಿಲ್ಲದ್ದು. ಸೂರ್ಯ ವೆಂಡೆಲ್‌ನ ಬೆನ್ನ ಹಿಂದಿದ್ದ.

"ನನಗೊಂದು ಮಾತು ಹೇಳ್ಬಹುದಿತ್ತಲ್ಲಪ್ಪ" ಎಂದ ಮುದುಕ.

"ಏ, ಆಟ ಆಡೋಣ ಬನ್ರೋ" ಎಂದ ವೆಂಡೆಲ್. "ಹ್ಞೂಂ, ಕೂಗಿ."

ಲಿನೆಟ್‌ಳ ಜಾಗಕ್ಕೆ ಬಂದವರು ಕೂಗಿದರು. ಆರ್ವಿಲ್ ಮತ್ತೆ ಮೊಣಕಾಲು ಬಾಗಿಸಿದ. ಚೆಂಡು ಟಕ್ಕೆಂದು ಆಚೆ ಹೋಯಿತು, ಟಕ್ಕೆಂದು ಈಚೆ ಬಂತು.